ನೆಲದ ಕಾಯಿಗೆ ಚಾಕೊಲೇಟಿನ ಹೊದಿಕೆ



ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ – ಈ ನಾಲ್ಕು ತಾಲ್ಲೂಕುಗಳು ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಈ ಭಾಗದ ನಿಮಗೆ ಕಡಲೆಕಾಯಿಯನ್ನು ಪರಿಚಯಿಸುವ ಅಗತ್ಯವಿಲ್ಲ. ಮುಂಗಾರಿನಲ್ಲಿ ಬಿತ್ತಿ, ಮಳೆಗಾಗಿ ಮುಗಿಲು ನೋಡಿ, ಬಂದಷ್ಟು ಕಾಯಿಯನ್ನು ಕಿತ್ತು, ಬಡಿದು, ಮೂಟೆ ಕಟ್ಟಿ ಮಾರುಕಟ್ಟೆಗೆ ಸಾಗಿಸುವುದನ್ನು ನೀವು ಕಣ್ಣಾರೆ ಕಂಡವರು. ಮೂಟೆಯಲ್ಲಿ ಹೋದ ಅದೇ ಕಾಯಿ, ಕೆಲವು ತಿಂಗಳ ನಂತರ ಬಣ್ಣದ ಕಾಗದದೊಳಗೆ ಮಿಠಾಯಿಯಾಗಿ ನಿಮ್ಮ ಊರಿನ ಅಂಗಡಿಗೇ ಮರಳಿ ಬರುತ್ತದೆ. ಆಗ ಅದರ ಬೆಲೆಯೇ ಬೇರೆ. ಹೋಗುವಾಗ ಇದ್ದದ್ದಕ್ಕೂ ಬರುವಾಗ ಇರುವುದಕ್ಕೂ ನಡುವೆ ಏನು ಸೇರಿತು? ಸ್ವಲ್ಪ ಸಕ್ಕರೆ, ಸ್ವಲ್ಪ ಚಾಕೊಲೇಟ್. ಎಲ್ಲಕ್ಕಿಂತ ಹೆಚ್ಚಾಗಿ, ತಿಳಿವಳಿಕೆ. ಆ ತಿಳಿವಳಿಕೆಯನ್ನು ನಿಮ್ಮ ಅಡುಗೆಮನೆಗೇ ತರುವುದು ಹೇಗೆ ಎಂಬುದು ಇಂದಿನ ಮಾತು.

ಚಾಕೊಲೇಟ್ ಹೊದಿಸಿದ ಸಣ್ಣ ಉಂಡೆಗೆ ಯೂರೋಪಿನಲ್ಲಿ ಟ್ರಫಲ್ ಎಂದು ಹೆಸರು. ಟ್ರಫಲ್ ಎಂದರೆ ನಿಜವಾಗಿ ನೆಲದೊಳಗೆ, ಮರದ ಬೇರಿನ ಪಕ್ಕದಲ್ಲಿ ಬೆಳೆಯುವ ಒಂದು ಬಗೆಯ ಅಣಬೆ. ಕೋಕೋ ಪುಡಿಯಲ್ಲಿ ಹೊರಳಿಸಿದ ಉಂಡೆ ಮಣ್ಣು ಮೆತ್ತಿದ ಆ ಅಣಬೆಯಂತೆ ಕಂಡದ್ದರಿಂದ ಅದೇ ಹೆಸರು ಬಂತು. ನಮ್ಮ ಕಡಲೆಕಾಯಿಯಾದರೋ ನಿಜವಾಗಿಯೂ ನೆಲದೊಳಗಿನದು. ಹೂವು ಮಣ್ಣಿನ ಮೇಲೆ ಅರಳುತ್ತದೆ. ಪರಾಗಸ್ಪರ್ಶವಾದ ಮೇಲೆ ಸೂಜಿಯಂಥ ಮೊನೆಯೊಂದು ಕೆಳಗಿಳಿದು ಮಣ್ಣನ್ನು ಹೊಕ್ಕು ಅಲ್ಲಿ ಕಾಯಾಗುತ್ತದೆ. ಇನ್ನೊಂದು ಸ್ವಾರಸ್ಯವಿದೆ. ಕೋಕೋ ಮತ್ತು ಕಡಲೆಕಾಯಿ ಎರಡರ ತವರೂ ದಕ್ಷಿಣ ಅಮೆರಿಕ. 1753ರಲ್ಲಿ ಲಿನೇಯಸ್ ಎರಡಕ್ಕೂ ಶಾಸ್ತ್ರೀಯ ಹೆಸರು ಕೊಟ್ಟ. ಕೋಕೋ ಕುಲದ ಹೆಸರು ‘ಥಿಯೋಬ್ರೋಮ’, ಅಂದರೆ ದೇವತೆಗಳ ಆಹಾರ. ಕಡಲೆಕಾಯಿಯ ಹೆಸರಿನಲ್ಲಿರುವ ‘ಹೈಪೋಜಿಯ’ ಎಂದರೆ ನೆಲದಡಿಯದು. ದೇವತೆಗಳ ಆಹಾರವನ್ನು ನೆಲದಡಿಯ ಕಾಯಿಗೆ ಹೊದಿಸುವುದೇ ನಾವು ಮಾಡಲಿರುವ ಕೆಲಸ.

ಯೂರೋಪಿನ ಟ್ರಫಲ್‌ನ ಹೂರಣ ಹಾಲಿನ ಕೆನೆ ಮತ್ತು ಚಾಕೊಲೇಟಿನ ಮಿಶ್ರಣ. ಅದರಲ್ಲಿ ನೀರಿನ ಅಂಶ ಇರುವುದರಿಂದ ತಂಪು ಪೆಟ್ಟಿಗೆಯಿಲ್ಲದೆ ಹೆಚ್ಚು ದಿನ ಉಳಿಯದು. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿಯ ಸಮೀಪಕ್ಕೆ ಹೋಗುವ ಪಾವಗಡದಂಥ ಊರಿಗೆ ಅದು ಹೊಂದುವ ತಿಂಡಿಯಲ್ಲ. ನಿಮ್ಮ ಅಜ್ಜಿ ಕುಟ್ಟಿ ಕಟ್ಟುವ ಕಡಲೆಬೀಜ–ಬೆಲ್ಲದ ಉಂಡೆಯಲ್ಲಿ ನೀರು ಬಹಳ ಕಡಿಮೆ. ನೀರು ಕಡಿಮೆಯಿದ್ದಲ್ಲಿ ಸೂಕ್ಷ್ಮಜೀವಿಗಳು ಸುಲಭವಾಗಿ ಬೆಳೆಯಲಾರವು. ಹೀಗಾಗಿ ಒಣನಾಡಿಗೆ ತಕ್ಕ ಟ್ರಫಲ್‌ನ ಹೂರಣ ನಿಮ್ಮ ಮನೆಯಲ್ಲಿ ಮೊದಲೇ ಸಿದ್ಧವಿದೆ. ಕಲಿಯಬೇಕಾದದ್ದು ಹೊದಿಕೆಯ ಕೆಲಸ ಮಾತ್ರ.

ಹೊದಿಕೆಯ ಗುಟ್ಟು ಒಂದೇ: ಉಷ್ಣತೆ. ಚಾಕೊಲೇಟಿನಲ್ಲಿರುವ ಕೋಕೋ ಬೆಣ್ಣೆ ಒಂದು ವಿಚಿತ್ರ ಕೊಬ್ಬು. ಒಂದೇ ಬಗೆಯ ಇಟ್ಟಿಗೆಗಳನ್ನು ಬೇರೆ ಬೇರೆ ರೀತಿಯಲ್ಲಿ ಜೋಡಿಸಿ ಸಡಿಲವಾದ ಗೋಡೆಯನ್ನೂ ಕಟ್ಟಬಹುದು, ಬಿಗಿಯಾದ ಗೋಡೆಯನ್ನೂ ಕಟ್ಟಬಹುದು. ಹಾಗೆಯೇ ಕೋಕೋ ಬೆಣ್ಣೆಯ ಅಣುಗಳು ಆರು ಬಗೆಯ ಹರಳುಗಳಾಗಿ ಜೋಡಣೆಯಾಗಬಲ್ಲವು. ಒಂದನೆಯ ಬಗೆ ಸುಮಾರು 17 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ. ನಾಲ್ಕನೆಯದು ಸುಮಾರು 28ರಲ್ಲಿ, ಐದನೆಯದು ಸುಮಾರು 34ರಲ್ಲಿ ಕರಗುತ್ತದೆ. ನಮಗೆ ಬೇಕಾದದ್ದು ಈ ಐದನೆಯ ಬಗೆ. ಹೊಳಪು, ಮುರಿದಾಗ ‘ಟಕ್’ ಎನ್ನುವ ಸದ್ದು, ಕೈಯಲ್ಲಿ ಕೂಡಲೇ ಅಂಟದೆ ಬಾಯಲ್ಲಿ ಕರಗುವ ಗುಣ – ಎಲ್ಲವೂ ಇದರದೇ. ನಮ್ಮ ದೇಹದ ಉಷ್ಣತೆ 37 ಡಿಗ್ರಿ; ಅದಕ್ಕೇ ನಾಲಿಗೆಯ ಮೇಲಿಟ್ಟರೆ ಕರಗುತ್ತದೆ. ಪಾವಗಡದ ಏಪ್ರಿಲ್ ಮಧ್ಯಾಹ್ನ 34ನ್ನು ದಾಟುತ್ತದೆ. ಅದಕ್ಕೇ ಜೇಬಿನಲ್ಲಿಟ್ಟರೂ ಕರಗುತ್ತದೆ. ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿರುವ, 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಉದ್ಯಾನಕ್ಕೆ ವರವಾದ ಬಿಸಿಲು, ಚಾಕೊಲೇಟಿಗೆ ವೈರಿ.

ಹಾಗಾದರೆ ಯಾವಾಗ ಮಾಡಬೇಕು? ಕಾಲವೇ ಉತ್ತರ ಹೇಳುತ್ತದೆ. ಮುಂಗಾರು ಬೆಳೆಯ ಹೊಸ ಕಾಯಿ ಅಕ್ಟೋಬರ್–ನವೆಂಬರ್‌ನಲ್ಲಿ ಮನೆಗೆ ಬರುತ್ತದೆ. ಅದರ ಬೆನ್ನಿಗೇ ಚಳಿ ಬರುತ್ತದೆ. ಡಿಸೆಂಬರ್, ಜನವರಿಯ ಬೆಳಗಿನ ಹೊತ್ತು ಚಾಕೊಲೇಟ್ ಕೆಲಸಕ್ಕೆ ಹೇಳಿ ಮಾಡಿಸಿದ ಸಮಯ.

ಈಗ ವಿಧಾನಕ್ಕೆ ಬರೋಣ. ಸಿಪ್ಪೆ ತೆಗೆದ ಕಡಲೆಬೀಜ 250 ಗ್ರಾಂ, ಒಣಗಿದ ಗಟ್ಟಿ ಬೆಲ್ಲದ ಪುಡಿ 100 ಗ್ರಾಂ, ಎರಡು ಏಲಕ್ಕಿ, ಕಪ್ಪು ಚಾಕೊಲೇಟ್ 250 ಗ್ರಾಂ ಇರಲಿ. ಚಾಕೊಲೇಟ್ ಕೊಳ್ಳುವಾಗ ಹೊದಿಕೆಯ ಮೇಲಿನ ಪಟ್ಟಿಯನ್ನು ಓದಿ. ಕೋಕೋ ಬೆಣ್ಣೆ ಎಂದಿದ್ದರೆ ಮುಂದೆ ಹೇಳುವ ವಿಧಾನ ಅನ್ವಯಿಸುತ್ತದೆ. ಅದರ ಬದಲು ವನಸ್ಪತಿ ಕೊಬ್ಬು ಎಂದಿದ್ದರೆ ಅದು ‘ಕಾಂಪೌಂಡ್’. ಅದನ್ನು ಕರಗಿಸಿ ಅದ್ದಿದರೆ ಸಾಕು, ಬೇರೆ ಉಪಚಾರ ಬೇಡ. ಬಿಸಿಲುಗಾಲದಲ್ಲಿ ಅದೇ ಸುಲಭ. ಆದರೆ ಬಾಯಲ್ಲಿ ಕರಗುವ ಆ ಸೊಗಸು ಅದಕ್ಕಿಲ್ಲ.

ಮೊದಲ ಕೆಲಸ ಬೀಜ ಆರಿಸುವುದು. ಇದನ್ನು ಅವಸರದಲ್ಲಿ ಮಾಡಬೇಡಿ. ಮುರುಟಿದ, ಬಣ್ಣಗೆಟ್ಟ, ಬೂಷ್ಟು ಹಿಡಿದ ಬೀಜಗಳನ್ನು ಒಂದೂ ಬಿಡದೆ ತೆಗೆದುಹಾಕಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕಿ ನೋಡಿದಾಗ, ಅವುಗಳ ಮೇವಿನಲ್ಲಿದ್ದ ಕಡಲೆಕಾಯಿ ಹಿಂಡಿಯ ಬೂಷ್ಟಿನಿಂದ ಹುಟ್ಟಿದ ವಿಷ ಸಿಕ್ಕಿತು. ಅದೇ ಅಫ್ಲಟಾಕ್ಸಿನ್. ಅದು ಯಕೃತ್ತಿಗೆ ಹಾನಿ ಮಾಡುತ್ತದೆ, ಬಹುಕಾಲ ದೇಹ ಸೇರಿದರೆ ಯಕೃತ್ತಿನ ಕ್ಯಾನ್ಸರಿಗೂ ಕಾರಣವಾಗುತ್ತದೆ. ಹುರಿದರೂ ಅದು ಪೂರ್ತಿ ನಾಶವಾಗುವುದಿಲ್ಲ. ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ಮಳೆ ಕೈಕೊಟ್ಟು ನೆಲ ಕಾದರೆ ಈ ಬೂಷ್ಟು ಹೊಲದಲ್ಲೇ ಹಿಡಿಯುತ್ತದೆ. ಸರಿಯಾಗಿ ಒಣಗಿಸದೆ ಮೂಟೆ ಕಟ್ಟಿದರೆ ಮನೆಯಲ್ಲೂ ಹಿಡಿಯುತ್ತದೆ. ಬರದ ನಾಡಿನವರಾದ ನೀವು ಇದನ್ನು ಇತರರಿಗಿಂತ ಹೆಚ್ಚಾಗಿ ತಿಳಿದಿರಬೇಕು. ತಿನ್ನುವಾಗ ಒಂದು ಬೀಜ ಕಹಿಯೆನಿಸಿದರೆ ನುಂಗಬೇಡಿ, ಉಗಿದುಬಿಡಿ.

ಆರಿಸಿದ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಆರಿದ ಮೇಲೆ ಕೈಯಲ್ಲಿ ಉಜ್ಜಿ ಹೊಟ್ಟು ತೂರಿ. ಮಿಕ್ಸಿಯಲ್ಲಾದರೆ ತಡೆತಡೆದು ತಿರುಗಿಸಿ. ಒರಳಿನಲ್ಲಾದರೆ ಇನ್ನೂ ಒಳ್ಳೆಯದು. ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆ. ಅರೆದಂತೆ ಅದು ಹೊರಬಂದು ಪುಡಿಯನ್ನು ಹಿಡಿದಿಡುತ್ತದೆ. ಆದ್ದರಿಂದ ಹಾಲು, ನೀರು ಯಾವುದೂ ಬೇಡ. ಬೆಲ್ಲ, ಏಲಕ್ಕಿ ಬೆರೆಸಿ ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿ. ಸುಮಾರು 30 ಉಂಡೆಗಳಾಗುತ್ತವೆ. ಅವುಗಳನ್ನು ತಂಪು ಪೆಟ್ಟಿಗೆಯಲ್ಲಿಡಬೇಡಿ. ತಣ್ಣನೆಯ ಉಂಡೆ ಆಮೇಲೆ ಬೆಚ್ಚಗಾಗಿ ಹಿಗ್ಗಿದಾಗ ಹೊದಿಕೆ ಬಿರುಕು ಬಿಡುತ್ತದೆ.

ಇನ್ನು ಚಾಕೊಲೇಟ್. ಅದನ್ನು ಸಣ್ಣಗೆ ಹೆಚ್ಚಿ, ನಾಲ್ಕರಲ್ಲಿ ಒಂದು ಪಾಲನ್ನು ಬೇರೆ ಎತ್ತಿಡಿ. ಒಂದು ಪಾತ್ರೆಯಲ್ಲಿ ನೀರು ಬಿಸಿ ಮಾಡಿ ಒಲೆಯಿಂದ ಇಳಿಸಿ. ಅದರ ಬಾಯಿಗೆ ಸರಿಯಾಗಿ ಕೂರುವ ಒಣ ಬಟ್ಟಲಿನಲ್ಲಿ ಉಳಿದ ಮೂರು ಪಾಲು ಹಾಕಿ ನಿಧಾನವಾಗಿ ಕರಗಿಸಿ. ಒಂದು ಹನಿ ನೀರು ಬಿದ್ದರೂ, ಆವಿ ತಾಗಿದರೂ ಕೆಟ್ಟಿತು. ಚಾಕೊಲೇಟಿನಲ್ಲಿರುವ ಸಕ್ಕರೆಯ ಕಣಗಳು ಆ ನೀರಿಗೆ ಅಂಟಿಕೊಂಡು ಇಡೀ ಪಾಕ ಮುದ್ದೆಗಟ್ಟುತ್ತದೆ.

ಉಷ್ಣತೆ 45ರಿಂದ 48 ಡಿಗ್ರಿ ತಲುಪಿದಾಗ ಹಳೆಯ ಹರಳುಗಳೆಲ್ಲ ಕರಗಿರುತ್ತವೆ. ಈಗ ಬಟ್ಟಲನ್ನು ಕೆಳಗಿಳಿಸಿ, ತಳ ಒರೆಸಿ, ಎತ್ತಿಟ್ಟ ಪಾಲನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತಾ ಕೈಬಿಡದೆ ಕಲಕಿ. ಆ ಚೂರುಗಳಲ್ಲಿ ಐದನೆಯ ಬಗೆಯ ಹರಳುಗಳಿವೆ. ಹಾಲಿಗೆ ಹೆಪ್ಪು ಹಾಕುತ್ತೀರಲ್ಲ, ಹಾಗೆ ಇವು ಕರಗಿದ ಚಾಕೊಲೇಟಿಗೆ ಹೆಪ್ಪು. ತಮ್ಮಂತೆಯೇ ಇರುವ ಹರಳುಗಳನ್ನು ಬೆಳೆಸುತ್ತವೆ. ಉಷ್ಣತೆ 31–32 ಡಿಗ್ರಿಗೆ ಇಳಿದಾಗ ಪಾಕ ಸಿದ್ಧ. ಚಾಕುವಿನ ತುದಿಯನ್ನು ಅದ್ದಿ ಗಾಳಿಗಿಡಿ. ಐದಾರು ನಿಮಿಷದಲ್ಲಿ ಹೊಳಪಿನಿಂದ ಗಟ್ಟಿಯಾದರೆ ನೀವು ಗೆದ್ದಿರಿ. ಮಂಕಾಗಿ, ಗೆರೆಗೆರೆಯಾಗಿ ಉಳಿದರೆ ಇನ್ನಷ್ಟು ಚೂರು ಹಾಕಿ ಕಲಕಿ.

ಉಷ್ಣತಾಮಾಪಕದ ಬಗ್ಗೆ ಒಂದು ಎಚ್ಚರಿಕೆ. ಜ್ವರ ನೋಡುವ ಮಾಪಕ ಈ ಕೆಲಸಕ್ಕೆ ಬಾರದು. ಅದು ಸುಮಾರು 35ರಿಂದ 42ರವರೆಗೆ ಮಾತ್ರ ಅಳೆಯುತ್ತದೆ. ಪ್ರಯೋಗಶಾಲೆಯ ಪಾದರಸದ ಮಾಪಕವನ್ನು ಆಹಾರಕ್ಕೆ ಎಂದೂ ಮುಟ್ಟಿಸಬೇಡಿ. ಒಡೆದರೆ ಪಾದರಸ ವಿಷ. ಅಡುಗೆಗೆಂದೇ ಸಿಗುವ ಡಿಜಿಟಲ್ ಮಾಪಕ ಬಳಸಿ. ಅದೂ ಇಲ್ಲದಿದ್ದರೆ ಶುದ್ಧ ಚಮಚದಿಂದ ಒಂದು ಹನಿಯನ್ನು ಕೆಳತುಟಿಗೆ ಸೋಕಿಸಿ. ಸ್ವಲ್ಪ ತಣ್ಣಗೆನಿಸಿದರೆ ಸರಿಸುಮಾರು ಹದವಾಗಿದೆ ಎಂದು ತಿಳಿಯಿರಿ.

ಉಂಡೆಯನ್ನು ಮುಳ್ಳುಚಮಚದ ಮೇಲಿಟ್ಟು ಅದ್ದಿ, ತೆಗೆದು, ಬಟ್ಟಲಿನ ಅಂಚಿಗೆ ತಟ್ಟಿ ಹೆಚ್ಚಿನದನ್ನು ಇಳಿಸಿ, ಬೆಣ್ಣೆ ಕಾಗದದ ಮೇಲಿಡಿ. ತಂಪು ಹೊತ್ತಿನಲ್ಲಿ ಹದಿನೈದು ನಿಮಿಷದೊಳಗೆ ಗಟ್ಟಿಯಾಗುತ್ತದೆ. ಬಿಗಿಮುಚ್ಚಳದ ಡಬ್ಬಿಯಲ್ಲಿ, ನೆರಳಿನಲ್ಲಿಡಿ. ಎರಡು–ಮೂರು ವಾರದೊಳಗೆ ತಿಂದು ಮುಗಿಸುವುದು ಲೇಸು. ಏಕೆಂದರೆ ಕಡಲೆಕಾಯಿ ಎಣ್ಣೆ ಮೆಲ್ಲಗೆ ಹೊದಿಕೆಯೊಳಕ್ಕೆ ನುಸುಳಿ ಅದನ್ನು ಮೆತ್ತಗಾಗಿಸುತ್ತದೆ. ಆಗ ಮೇಲೆ ಬಿಳಿಯ ಪೊರೆ ಕಾಣಿಸಿಕೊಳ್ಳಬಹುದು. ಅದು ಬೂಷ್ಟಲ್ಲ, ಮೇಲಕ್ಕೆ ಬಂದ ಕೊಬ್ಬಿನ ಹರಳು, ತಿಂದರೆ ತೊಂದರೆಯಿಲ್ಲ. ಹತ್ತಿಯಂತೆ ರೋಮ ಎದ್ದಿದ್ದರೆ, ವಾಸನೆ ಬದಲಾಗಿದ್ದರೆ ಮಾತ್ರ ಎಸೆಯಿರಿ.

ಹಂಚುವ ಮೊದಲು ಎರಡು ಮಾತು. ಕೆಲವರಿಗೆ ಕಡಲೆಬೀಜ ಒಗ್ಗುವುದಿಲ್ಲ. ಒಂದು ಚೂರು ತಿಂದರೂ ಉಸಿರು ಕಟ್ಟಬಹುದು. ಆದ್ದರಿಂದ ಕೇಳಿಯೇ ಕೊಡಿ. ಮನೆಯ ನಾಯಿಗೆ ಕೊಡಲೇಬೇಡಿ. ಕೋಕೋದಲ್ಲಿರುವ ಥಿಯೋಬ್ರೋಮಿನ್ ನಾಯಿಗಳಿಗೆ ವಿಷ.

ಇದೆಲ್ಲ ಬರಿಯ ಬಾಯಿ ಚಪಲದ ಮಾತಲ್ಲ. ದಕ್ಷಿಣ ಕನ್ನಡದ ರೈತರು ಅಡಿಕೆ ತೋಟದಲ್ಲಿ ಕೋಕೋ ಬೆಳೆದರು. ಕೊಳ್ಳುವವರು ಹಿಂಜರಿದಾಗ ಬೆಲೆ ಕುಸಿಯಿತು. ಆಗ 1973ರಲ್ಲಿ ಹುಟ್ಟಿದ್ದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಕೋಕೋವನ್ನೂ ಕೊಳ್ಳಲು ಮುಂದಾಯಿತು. 1986ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಬೆಳೆದವರೇ ಮಿಠಾಯಿ ಮಾಡುವ ಹಂತಕ್ಕೂ ಕೈಹಾಕಿದ ಉದಾಹರಣೆ ಇದು. ಕೋಕೋ ಬೆಳೆದವರಿಗೆ ಸಾಧ್ಯವಾದದ್ದು ಕಡಲೆಕಾಯಿ ಬೆಳೆದವರಿಗೆ ಅಸಾಧ್ಯವೆನ್ನಲು ಕಾರಣವಿಲ್ಲ. ಮುಂದೆ ನಿಮ್ಮಲ್ಲಿ ಯಾರಾದರೂ, ಅಥವಾ ನಿಮ್ಮ ಊರಿನ ಮಹಿಳಾ ಸಂಘ, ಇದನ್ನು ಮಾರಾಟಕ್ಕೆ ಮಾಡುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಪಡೆಯಬೇಕು. ಪೊಟ್ಟಣದ ಮೇಲೆ ಕಡಲೆಬೀಜ ಇದೆಯೆಂದು ಸ್ಪಷ್ಟವಾಗಿ ಬರೆಯಬೇಕು.

ಅದಕ್ಕೂ ಮೊದಲು ಒಂದು ಪ್ರಯೋಗ ಮಾಡಿ. ಮೂರು ಉಂಡೆ ತೆಗೆದುಕೊಳ್ಳಿ. ಮೊದಲನೆಯದಕ್ಕೆ ಸುಮ್ಮನೆ ಕರಗಿಸಿದ ಚಾಕೊಲೇಟ್, ಎರಡನೆಯದಕ್ಕೆ ಹೆಪ್ಪು ಹಾಕಿ 31–32 ಡಿಗ್ರಿಗೆ ತಂದದ್ದು, ಮೂರನೆಯದಕ್ಕೆ ಕಾಂಪೌಂಡ್ ಹೊದಿಸಿ. ಹದಿನೈದು ದಿನ, ದಿನವೂ ಕೋಣೆಯ ಉಷ್ಣತೆಯ ಜೊತೆಗೆ ಹೊಳಪು, ಬಣ್ಣ, ಗಟ್ಟಿತನ ಹೇಗಿದೆಯೆಂದು ಪುಸ್ತಕದಲ್ಲಿ ಬರೆದಿಡಿ. ಕೊನೆಯ ದಿನ ಮೂರನ್ನೂ ಮುರಿದು ಯಾವುದು ‘ಟಕ್’ ಎನ್ನುತ್ತದೆ ಕೇಳಿ. ನಿಮ್ಮ ವಿಜ್ಞಾನದ ಮೇಷ್ಟರಿಗೆ ಆ ಪುಸ್ತಕ ತೋರಿಸುವಾಗ ಡಬ್ಬಿಯನ್ನೂ ಮರೆಯದೆ ಒಯ್ಯಿರಿ.