ಬೇಡಿ ತಂದ ಗೆಲ್ಲು

(ವನಮಹೋತ್ಸವದಂದು ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಹಣ ವೆಚ್ಚ ಮಾಡದೆ ಮನೆಯ ಅಂಗಳಕ್ಕೂ ಹಿತ್ತಲಿಗೂ ಗಿಡಗಳನ್ನು ಸಂಪಾದಿಸುವ ಬಗೆ ಹೇಗೆಂಬುದನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದು ಸಂಘದವರು ನಮಗೆ ಅಪ್ಪಣೆ ಮಾಡಿದ್ದಾರೆ. ಈ ವಿಷಯದಲ್ಲಿ ಮಾತನಾಡಲು ನಮಗಿರುವ ಅರ್ಹತೆ ಒಂದೇ. ಹಣ ಕೊಟ್ಟು ಗಿಡ ತಂದು ಕಳೆದುಕೊಂಡ ಅನುಭವ ನಮಗುಂಟು.

2017ರ ದಶಂಬರದಲ್ಲಿ, ಶಾಲೆಯ ಮುಂಭಾಗವನ್ನು ಅಂದಗೊಳಿಸಬೇಕೆಂಬ ಉತ್ಸಾಹದಿಂದ, ಸಂಘದ ಹಣದಲ್ಲಿ ನಲ್ವತ್ತು ಹೂಗಿಡಗಳನ್ನು ಕೊಂಡು ತಂದು ನೆಟ್ಟೆವು. ವಾರ್ಷಿಕೋತ್ಸವಕ್ಕೆ ಬಂದವರೆಲ್ಲರೂ ಹೊಗಳಿದರು. ಬೇಸಗೆಯ ರಜೆಯಲ್ಲಿ ಅವುಗಳಿಗೆ ನೀರೆರೆಯುವವರು ಯಾರೆಂಬುದನ್ನು ಮಾತ್ರ ನಾವು ಯೋಚಿಸಿರಲಿಲ್ಲ. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಉಳಿದಿದ್ದವು ಮೂರೇ ಗಿಡಗಳು. ಆ ವರ್ಷ ಬಡಮಕ್ಕಳ ಬರೆಯುವ ಪುಸ್ತಕಗಳಿಗೆ ಹಣ ಸಾಲದೆ ಹೋಯಿತು. ಕೋಶಾಧಿಕಾರಿಗಳು ನಮ್ಮನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ನಮಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲವೋ ಏನೋ.

ಆಗ ಮಕ್ಕಳೊಡನೆ ಹೇಳಿದೆವು: "ನಿಮ್ಮ ನಿಮ್ಮ ಮನೆಯಿಂದ ಒಂದು ಗೆಲ್ಲನ್ನೋ ಗಡ್ಡೆಯನ್ನೋ ಹಿಡಿ ಬೀಜವನ್ನೋ ತನ್ನಿ, ಹಣ ತರಬೇಡಿ." ಮುಂದಿನ ಸೋಮವಾರ ಶಾಲೆಯ ಜಗಲಿ ದಾಸವಾಳ, ಮಲ್ಲಿಗೆ, ಬಸಳೆ, ಕೆಸು, ಅರಸಿನ, ದೊಡ್ಡಪತ್ರೆಗಳಿಂದ ತುಂಬಿತು. ಇಂದು ತಾವು ಕಾಣುತ್ತಿರುವ ತೋಟದ ಬಹುಭಾಗ ಆ ದಿನ ಬಂದುದೇ ಆಗಿದೆ.

ಗೆಲ್ಲು ನೆಡುವ ಕ್ರಮ ಕಷ್ಟದ್ದಲ್ಲ. ದಾಸವಾಳವಾದರೆ ತೀರ ಎಳತೂ ಅಲ್ಲದ, ತೀರ ಬಲಿತುದೂ ಅಲ್ಲದ, ಪೆನ್ಸಿಲಿನ ದಪ್ಪದ ಗೆಲ್ಲನ್ನು ಆರೆಂಟು ಅಂಗುಲ ಉದ್ದಕ್ಕೆ ಕತ್ತರಿಸಬೇಕು. ಕೆಳತುದಿಯನ್ನು ಗಂಟಿನ ಕೆಳಗೆ ಓರೆಯಾಗಿಯೂ ಮೇಲ್ತುದಿಯನ್ನು ನೇರವಾಗಿಯೂ ಕತ್ತರಿಸಿದರೆ ತಲೆಕೆಳಗಾಗಿ ನೆಡುವ ಪ್ರಮಾದವಿಲ್ಲ. ಕೆಳಗಿನ ಎಲೆಗಳನ್ನು ತೆಗೆದು, ಎರಡು ಗಂಟುಗಳಾದರೂ ಮಣ್ಣಿನೊಳಗಿರುವಂತೆ ನೆಟ್ಟು ನೆರಳಿನಲ್ಲಿಡಬೇಕು. ಕುಂಡಕ್ಕೂ ಹಣ ಬೇಡ. ಅಡಕೆಯ ಹಾಳೆ, ತಳಕ್ಕೆ ತೂತು ಕೊರೆದ ಗೆರಟೆ, ಹಳೆಯ ಡಬ್ಬಿ, ಯಾವುದಾದರೂ ಆದೀತು. ನಮ್ಮ ಕರಾವಳಿಯ ಮಳೆಗಾಲ ಇದಕ್ಕೆ ತಕ್ಕ ಸಮಯವೇ ಆದರೂ ನೀರು ನಿಂತರೆ ಗೆಲ್ಲು ಕೊಳೆಯುತ್ತದೆ. ಆದುದರಿಂದ ಮಣ್ಣಿಗೆ ಮರಳು ಬೆರೆಸತಕ್ಕದ್ದು. ಚಿಗುರು ಕಂಡಿತೆಂದು ಕಿತ್ತು ನೋಡಬಾರದು. ಬೇರಿಗಿಂತ ಮೊದಲೇ ಚಿಗುರು ಬರುವುದುಂಟು.

ನುಗ್ಗೆಗೆ ಮಣಿಕಟ್ಟಿನ ದಪ್ಪದ, ಒಂದು ಗಜ ಉದ್ದದ ಗೂಟ ಸಾಕು. ಬಸಳೆಗೆ ಬಲಿತ ಬಳ್ಳಿಯ ಒಂದು ತುಂಡು ಸಾಕು. ಕರಿಬೇವಿನ ಬುಡದ ಸುತ್ತ ಏಳುವ ಮರಿಗಳನ್ನು ಬೇರು ಸಹಿತ ಬಿಡಿಸಿ ತರಬಹುದು. ಬಾಳೆಯ ಕಂದುಗಳಲ್ಲಿ ಅಗಲ ಎಲೆಯವುಗಳಿಗಿಂತ ಕತ್ತಿಯಂತೆ ಕಿರಿದಾದ ಎಲೆಯುಳ್ಳವು ಲೇಸು. ಬೆಂಡೆ, ಅಲಸಂಡೆಗಳ ಬೀಜಕ್ಕಾಗಿ ಒಳ್ಳೆಯ ಗಿಡದ ಒಂದೆರಡು ಕಾಯಿಗಳಿಗೆ ನೂಲು ಕಟ್ಟಿ, ಕೊಯ್ಯದೆ ಬಿಟ್ಟು, ಒಣಗಿದ ಮೇಲೆ ತೆಗೆದಿರಿಸಿದರಾಯಿತು.

ಹಾಗೆಂದು ಕೊಟ್ಟುದೆಲ್ಲವನ್ನೂ ತರಲಾಗದು. ಎಲೆಗಳು ತುದಿಯಲ್ಲಿ ಗೊಂಚಲಾಗಿ ಮುದುಡಿದ ಬಾಳೆಯ ಬುಡದಿಂದ ಕಂದು ತಂದರೆ ಆ ರೋಗವೂ ಜೊತೆಗೆ ಬರುತ್ತದೆ. ಸಿಂಗಾಪುರ ಡೈಸಿ ಎಂಬ ಹಳದಿ ಹೂವಿನ ಬಳ್ಳಿ ನೋಡಲು ಚೆಂದ; ಆದರೆ ಅಂಗಳದಿಂದ ತೋಡಿನ ಬದಿಗೂ ಹಬ್ಬಿ ಬೇರೆ ಹುಲ್ಲುಸಸಿಗಳನ್ನು ಮುಚ್ಚಿಬಿಡುತ್ತದೆ. ಕಾಡಿನಿಂದ ಗಿಡ ಕಿತ್ತು ತರುವುದಂತೂ ಕೂಡದು.

ಕದ್ದು ತಂದ ಗಿಡ ಚೆನ್ನಾಗಿ ಬೆಳೆಯುತ್ತದೆಂಬ ಮಾತೊಂದು ನಮ್ಮಲ್ಲಿ ಪ್ರಚಾರದಲ್ಲಿದೆ. ಅದನ್ನು ನಾವು ಒಪ್ಪುವುದಿಲ್ಲ. ಕದ್ದವನಿಗೆ ಆ ಗಿಡದ ಹೆಸರನ್ನಾಗಲಿ ಗುಣವನ್ನಾಗಲಿ ಹೇಳುವವರಾರು? ಕೇಳಿ ತಂದವನಿಗೆ ಗೆಲ್ಲಿನೊಡನೆ ಅದರ ಕಥೆಯೂ ದೊರೆಯುತ್ತದೆ. ನಮ್ಮ ಮಕ್ಕಳು ತಂದ ಗಿಡಗಳಿಗೆ ಹಲಗೆ ಬರೆಯುವಾಗ ದಾಸವಾಳವನ್ನು ತುಳು ಮನೆಯ ಹುಡುಗ ದಾಸನ ಎಂದ, ಮಲಯಾಳ ಮನೆಯ ಹುಡುಗಿ ಚೆಂಬರತ್ತಿ ಎಂದಳು. ಮೂರನ್ನೂ ಕನ್ನಡ ಲಿಪಿಯಲ್ಲಿ ಬರೆದೆವು. ಕನ್ನಡ ಶಾಲೆಯಲ್ಲಿ ನೆರೆಯ ಮಾತಿಗೂ ಎಡೆಯುಂಟೆಂಬುದನ್ನು ನಾವು ಯಾವ ಪಾಠದಲ್ಲಿಯೂ ಇಷ್ಟು ಸುಲಭವಾಗಿ ಕಲಿಸಿರಲಿಲ್ಲ.

ಕೈಯಿಂದ ಕೈಗೆ ದಾಟುವ ಕಡ್ಡಿಯ ಶಕ್ತಿ ಅಲ್ಪವಲ್ಲ. ಮರಗೆಣಸು ದಕ್ಷಿಣ ಅಮೇರಿಕದಿಂದ ಬಂದ ಬೆಳೆ. 1880ರಿಂದ 1885ರ ವರೆಗೆ ತಿರುವಾಂಕೂರನ್ನು ಆಳಿದ ವಿಶಾಖಂ ತಿರುನಾಳ್ ಮಹಾರಾಜರು ಅದಕ್ಕೆ ಪ್ರೋತ್ಸಾಹವಿತ್ತರು. ಬಡವರ ಹೊಟ್ಟೆ ಹೊರೆದ ಆ ಬೆಳೆಯನ್ನು ಇಂದಿಗೂ ಕಾಂಡದ ತುಂಡಿನಿಂದಲೇ ಬೆಳೆಸುತ್ತಾರೆ.

ಇನ್ನೊಂದು ಸಂಗತಿಯನ್ನು ಹೇಳಿ ಮುಗಿಸುತ್ತೇವೆ. 2018ರಲ್ಲಿ ಐದನೆಯ ತರಗತಿಯ ಹುಡುಗಿಯೊಬ್ಬಳು ಎಸಳು ತುಂಬಿದ ಕೆಂಪು ದಾಸವಾಳದ ಗೆಲ್ಲನ್ನು ತಂದಿದ್ದಳು. ಅವಳ ಅಜ್ಜಿ ಮದುವೆಯಾಗಿ ಸುಳ್ಯದ ಕಡೆಯಿಂದ ಇಲ್ಲಿಗೆ ಬರುವಾಗ ತವರಿನಿಂದ ತಂದ ಗಿಡವದು. ಮನೆ ಹೆದ್ದಾರಿಯ ಬದಿಯಲ್ಲಿತ್ತು. 2021ರಲ್ಲಿ ನಮ್ಮ ಜಿಲ್ಲೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ನ್ನು ಆರು ಪಥಗಳಾಗಿ ಅಗಲಗೊಳಿಸುವ ಕೆಲಸ ಆರಂಭವಾಯಿತು. ಆ ಅಂಗಳ ರಸ್ತೆಗೆ ಸೇರಿತು, ಗಿಡ ಹೋಯಿತು. ಮರುವರ್ಷದ ಮಳೆಗಾಲದಲ್ಲಿ ಆ ಹುಡುಗಿ ಅಜ್ಜಿಯೊಡನೆ ಶಾಲೆಗೆ ಬಂದು, "ಮಾಸ್ತರರೆ, ಹೊಸ ಮನೆಗೆ ಒಂದು ಗೆಲ್ಲು ಕೊಡುವಿರಾ?" ಎಂದು ಕೇಳಿದಳು. ಮೂರು ಗೆಲ್ಲುಗಳನ್ನು ಕತ್ತರಿಸಿ ಕೊಟ್ಟೆವು. ಅಜ್ಜಿ ಏನೂ ಹೇಳದೆ ಅವುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡರು. ಅಂಗಳದ ಇಂತಹ ದಾಸವಾಳ ಸಾಮಾನ್ಯವಾಗಿ ಬೀಜ ಕಟ್ಟುವುದಿಲ್ಲ. ಆ ಅಜ್ಜಿಯ ತವರಿನ ಗಿಡ, ಹೆದ್ದಾರಿಯಡಿ ಹೋದ ಗಿಡ, ಶಾಲೆಯ ಗಿಡ, ಹೊಸ ಮನೆಯ ಗಿಡ, ಇವೆಲ್ಲ ಒಂದೇ ಗಿಡದ ತುಂಡುಗಳು. ನಮ್ಮಲ್ಲಿಗೆ ತಂದು ಕೊಟ್ಟುದರಿಂದ ಅದು ಉಳಿಯಿತು. ಕೊಡದೆ ಕಾಪಾಡಿದ್ದರೆ ಅಂದೇ ಅಳಿಯುತ್ತಿತ್ತು.

ಆದುದರಿಂದ ಪೋಷಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಇಂದು ಮನೆಗೆ ಹೋಗುವಾಗ ಶಾಲೆಯ ತೋಟದಿಂದ ಬೇಕಾದ ಗೆಲ್ಲನ್ನು ಕೇಳಿ ಒಯ್ಯಿರಿ. ನಿಮ್ಮಲ್ಲಿರುವುದೊಂದನ್ನು ಮುಂದಿನ ವಾರ ಮಕ್ಕಳ ಕೈಯಲ್ಲಿ ಕಳುಹಿಸಿರಿ. ಹೀಗೆ ಉಳಿಯುವ ಹಣ ಮಕ್ಕಳ ಪುಸ್ತಕಕ್ಕಾಗಲಿ. ಬೇಸಗೆ ರಜೆಯಲ್ಲಿ ಈ ತೋಟಕ್ಕೆ ನೀರೆರೆಯುವ ಸರದಿಯ ಪಟ್ಟಿಯನ್ನು ಈಗ ನಾವು ಮೊದಲೇ ಬರೆದಿಡುತ್ತೇವೆ. ಅದರಲ್ಲಿ ಮೊದಲ ಹೆಸರು ನಮ್ಮದೇ.