ಹತ್ತೊಂಬತ್ತನೆಯವರು

ಹೊಸಕೋಟೆಯ ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ನಡೆದಾಡುವುದು ನಿವೃತ್ತಿಯ ನಂತರ ನಾನು ಹಿಡಿದ ವ್ರತ. ಅಲ್ಲಿ ಓಡುವ ಹುಡುಗರನ್ನು ಕಂಡಾಗಲೆಲ್ಲ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆಯವರು ನೆನಪಾಗುತ್ತಾರೆ.

1919ರಲ್ಲಿ ಪುಣೆಯ ಕ್ರೀಡಾಕೂಟವೊಂದರಲ್ಲಿ ಬರಿಗಾಲಿನಲ್ಲಿ ಓಡುತ್ತಿದ್ದ ರೈತರನ್ನು ಕಂಡು ದೊರಾಬ್ಜಿ ಟಾಟಾ ಅವರು ಬೆರಗಾದರು. ಅವರ ಆಸ್ಥೆ, ನೆರವುಗಳ ಫಲವಾಗಿ ಮರುವರ್ಷ ಭಾರತದ ಪುಟ್ಟ ತಂಡವೊಂದು ಬೆಲ್ಜಿಯಮ್ಮಿನ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಹೊರಟಿತು. ಅದರಲ್ಲಿ ಚೌಗುಲೆಯವರೂ ಇದ್ದರು. ಅಲ್ಲಿಯ ಮ್ಯಾರಥಾನ್ ಓಟದ ದೂರ 42.75 ಕಿಲೋಮೀಟರು, ಒಲಿಂಪಿಕ್ ಮ್ಯಾರಥಾನುಗಳಲ್ಲೆಲ್ಲ ಅದೇ ದೀರ್ಘವಾದುದು. ನಮ್ಮೂರಿನಿಂದ ಕೋಲಾರಕ್ಕೆ ಹೆಚ್ಚುಕಡಿಮೆ ಅಷ್ಟೇ ದಾರಿ ಎಂದರೆ ಕೇಳುಗರಿಗೆ ಅಂದಾಜಾದೀತು. ಫಿನ್ಲೆಂಡಿನ ಕೊಲೆಹ್ಮೈನೆನ್ 2 ಗಂಟೆ 32 ನಿಮಿಷಗಳಲ್ಲಿ ಗೆದ್ದರು. ಚೌಗುಲೆಯವರು 2 ಗಂಟೆ 50 ನಿಮಿಷಗಳಲ್ಲಿ, ಹತ್ತೊಂಬತ್ತನೆಯವರಾಗಿ ಗುರಿ ಮುಟ್ಟಿದರು.

ಮೂರು ದಶಕಗಳ ಕಾಲ ತರಗತಿಯಲ್ಲಿ ಮೊದಲನೆಯವರ ಹೆಸರನ್ನೇ ಎತ್ತಿ ಹೇಳಿದವನು ನಾನು. ಹಿಂದಿನ ಬೆಂಚಿನಲ್ಲಿ ಕುಳಿತು ಹಳಗನ್ನಡದ ಕಡಿದಾದ ಏರನ್ನು ಏದುಸಿರು ಬಿಡುತ್ತ ಹತ್ತಿದವರ ಹೆಸರುಗಳು ಇಂದು ನನ್ನ ನಾಲಗೆಗೆ ಬಾರವು. ಹಲವರು ತನಗಿಂತ ಮುಂದಿರುವುದನ್ನು ಕಂಡೂ ಪರನಾಡಿನ ರಸ್ತೆಯಲ್ಲಿ ಓಟ ನಿಲ್ಲಿಸದವನ ಛಲಕ್ಕೆ ಕೊಡಲು ನನ್ನ ಪಟ್ಟಿಯಲ್ಲಿ ಅಂಕಗಳೇ ಇರಲಿಲ್ಲ.

ನಾಳೆ ಏರಿಯ ಮೇಲೆ ಎಲ್ಲರಿಗಿಂತ ಹಿಂದೆ ಓಡಿಬರುವ ಹುಡುಗನನ್ನು ನಿಲ್ಲಿಸಿ, ಅವನ ಹೆಸರು ಕೇಳಬೇಕೆಂದಿದ್ದೇನೆ.