ಹಡಗಿನ ರಹದಾರಿಯಿಂದ ಮನುಷ್ಯನ ವೀಸಾದವರೆಗೆ



ಪರದೇಶದ ವ್ಯಾಪಾರ ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯವರಿಗೆ ಹೊಸತಲ್ಲ. ವಾರಾಹಿ ದಂಡೆಯ ಬಸರೂರಿನಿಂದ ಅಕ್ಕಿ, ಕರಿಮೆಣಸು ಅರಬ್ಬೀ ಸಮುದ್ರ ದಾಟಿ ಹೊರ್ಮುಜ್‌ವರೆಗೂ ಹೋಗುತ್ತಿತ್ತು, ಅಲ್ಲಿಂದ ಕುದುರೆ ಬರುತ್ತಿತ್ತು. 14ನೆಯ ಶತಮಾನದಲ್ಲಿ ಪ್ರವಾಸಿ ಇಬ್ನ್ ಬತೂತ ಬಸರೂರಿನ ತೆಂಗಿನ ತೋಟಗಳನ್ನು ಕಂಡು ಬರೆದಿಟ್ಟಿದ್ದಾನೆ.

ಅವನ ಕಾಲದಲ್ಲಿ ಈಗಿನಂಥ ವೀಸಾ ಇರಲಿಲ್ಲ. ಬಂದರಿನಲ್ಲಿ ಸುಂಕ ಕೊಟ್ಟರೆ ಆಯಿತು. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಬಂದ ಮೇಲೆ 'ಕರ್ತಾಜ್' ಎಂಬ ರಹದಾರಿ ಚೀಟಿ ಶುರುವಾಯಿತು. ಹಡಗು ಯಾವುದು, ನಾಯಕ ಯಾರು, ಸರಕೇನು, ಹೋಗುವುದು ಎಲ್ಲಿಗೆ ಎಂದೆಲ್ಲ ಅದರಲ್ಲಿ ಬರೆಸಬೇಕು, ಹಣ ಕೊಡಬೇಕು, ಅವರ ಬಂದರಿಗೆ ಹೋಗಿ ಸುಂಕವನ್ನೂ ಕಟ್ಟಬೇಕು. ಚೀಟಿ ಇಲ್ಲದ ಹಡಗು ನಡುಸಮುದ್ರದಲ್ಲಿ ಸಿಕ್ಕಿಬಿದ್ದರೆ ಸರಕೂ ಹೋಯಿತು, ಹಡಗೂ ಹೋಯಿತು. ರಕ್ಷಣೆ ಎಂದು ಅವರು ಕರೆದರು. ನನಗದು ಸುಲಿಗೆ ಎಂದೇ ಕಾಣುತ್ತದೆ. 1569ರಲ್ಲಿ ಬಸರೂರಿನ ಕೋಟೆಯೂ ಅವರ ಕೈಸೇರಿತು. ಆದರೂ ಗಮನಿಸಿ, ಅಪ್ಪಣೆ ಬೇಕಿದ್ದದ್ದು ಹಡಗಿಗೆ. ಅದರಲ್ಲಿ ಕೂತ ಸೆಟ್ಟಿಯ ಊರು, ಆದಾಯ, ಹಿಂದೆ ಬರುತ್ತಾನೋ ಇಲ್ಲವೋ ಎಂಬುದನ್ನು ಯಾರೂ ಕೇಳುತ್ತಿರಲಿಲ್ಲ.

ಮನುಷ್ಯನ ಕೈಗೆ ಕಾಗದ ಬಂದದ್ದು ಮೊದಲ ಮಹಾಯುದ್ಧದ ದೆಸೆಯಿಂದ. 1920ರಲ್ಲಿ ಭಾರತದ ಪಾಸ್‌ಪೋರ್ಟ್ ಕಾಯ್ದೆ ಬಂತು. ಅದೇ ವರ್ಷ ಪ್ಯಾರಿಸ್ಸಿನ ಸಮ್ಮೇಳನವೊಂದು 32 ಪುಟಗಳ ಪುಸ್ತಕದ ಮಾದರಿಯನ್ನು ಗೊತ್ತುಮಾಡಿತು. ಬರ್ಮಾ ಮಾತ್ರ 1937ರವರೆಗೆ ಬ್ರಿಟಿಷ್ ಇಂಡಿಯಾದ ಒಳಗೇ ಇತ್ತು. ಆಗ ರಂಗೂನಿಗೆ ಹೊರಟವನು ಪರದೇಶಕ್ಕೆ ಹೊರಟವನಾಗಿರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೂ ಪಾಸ್‌ಪೋರ್ಟು ಸರ್ಕಾರದ ಮರ್ಜಿಯ ವಸ್ತುವೇ ಆಗಿತ್ತು. ಅದನ್ನು ಬದಲಿಸಿದವರು ಒಬ್ಬ ವ್ಯಾಪಾರಿ. ಮೋಟಾರು ಬಿಡಿಭಾಗಗಳ ಆಮದು ರಫ್ತು ಮಾಡುತ್ತಿದ್ದ ಸತ್ವಂತ್ ಸಿಂಗ್ ಸಾಹ್ನಿ, ಪಾಸ್‌ಪೋರ್ಟ್ ಹಿಂದಿರುಗಿಸೆಂದ ಸರ್ಕಾರದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಹೊರದೇಶಕ್ಕೆ ಹೋಗುವುದು ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದು 1967ರಲ್ಲಿ ತೀರ್ಪಾಯಿತು, ಅದೇ ವರ್ಷ ಹೊಸ ಪಾಸ್‌ಪೋರ್ಟ್ ಕಾಯ್ದೆ ಬಂತು. ಅಷ್ಟಾದರೂ ಟಿಕೆಟ್ ಕೊಳ್ಳಲು ರಿಸರ್ವ್ ಬ್ಯಾಂಕಿನ 'ಪಿ ಫಾರ್ಮ್' ಎಂಬ ಅಪ್ಪಣೆ ಬೇಕಿದ್ದ, ಸಾಮಾನ್ಯ ಪ್ರಯಾಣಿಕ 8 ಡಾಲರ್ ಕಿಸೆಯಲ್ಲಿಟ್ಟು ವಿಮಾನ ಹತ್ತಬೇಕಿದ್ದ ದಿನಗಳವು.

ಈಗ ನಮ್ಮ ಗೇರುಬೀಜದ ಕಾರ್ಖಾನೆಗಳ ವಿಷಯಕ್ಕೆ ಬರೋಣ. ಊರಿನ ಬೆಳೆ ಸಾಲದು. ಕಚ್ಚಾ ಬೀಜ ಐವರಿ ಕೋಸ್ಟ್, ಟಾಂಜಾನಿಯಾ ಕಡೆಯಿಂದ ಬರಬೇಕು. 80 ಕಿಲೋದ ಚೀಲಕ್ಕೆ ಎಷ್ಟು ಪೌಂಡ್ ತಿರುಳು ಸಿಗುತ್ತದೆ ಎಂಬ 'ಔಟ್‌ಟರ್ನ್' ಮೇಲೆ ದರ ನಿಲ್ಲುತ್ತದೆ. ಬೀಜ ಕತ್ತರಿಸಿ ನೋಡದೆ ಇದು ತಿಳಿಯುವುದಿಲ್ಲ. ಪಶ್ಚಿಮ ಆಫ್ರಿಕಾದ ಕೊಯ್ಲು ಫೆಬ್ರವರಿ ಹೊತ್ತಿಗೆ ಶುರು. ವೀಸಾ ತಡವಾದರೆ ಒಳ್ಳೆಯ ಸರಕು ಬೇರೆಯವರ ಪಾಲು. ಕಂಟೇನರಿನಲ್ಲಿ ಬೀಜ ಬಂದು ಪಣಂಬೂರಿನ ಬಂದರಿನಲ್ಲಿ ಇಳಿಯುವುದು ಸಲೀಸು, ಅದನ್ನು ನೋಡಿ ಕೊಳ್ಳಲು ಧಣಿ ಹೋಗುವುದೇ ಕಷ್ಟ!

ವೀಸಾ ಅರ್ಜಿಯ ಜೊತೆಗೆ ಅಲ್ಲಿನ ಕಂಪನಿಯ ಆಹ್ವಾನ ಪತ್ರ, ನಿಮ್ಮ ಸಂಸ್ಥೆಯ ಪತ್ರ, ಜಿಎಸ್‌ಟಿ ನೋಂದಣಿ, ಆಮದು ರಫ್ತಿನ ಕೋಡ್, ಬ್ಯಾಂಕ್ ಲೆಕ್ಕ ಇವು ಸಾಮಾನ್ಯವಾಗಿ ಕೇಳುವ ಕಾಗದಗಳು. ಪಶ್ಚಿಮ ಆಫ್ರಿಕಾಕ್ಕಾದರೆ ಹಳದಿ ಜ್ವರದ ಲಸಿಕೆಯೂ ಬೇಕು. ಚುಚ್ಚಿಸಿಕೊಂಡು 10 ದಿನ ಕಳೆದ ಮೇಲಷ್ಟೇ ಅದರ ಪ್ರಮಾಣಪತ್ರಕ್ಕೆ ಬೆಲೆ. 2016ರಿಂದ ಅದು ಜೀವನಪೂರ್ತಿ ನಡೆಯುತ್ತದೆ. ಅದಿಲ್ಲದೆ ಹಿಂದೆ ಬಂದರೆ ನಮ್ಮದೇ ವಿಮಾನ ನಿಲ್ದಾಣದಲ್ಲಿ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು.

ಹೆಸರಿನ ತೊಡಕು ನಮ್ಮಲ್ಲಿ ಇನ್ನೂ ದೊಡ್ಡದು. ಶಾಲೆಯ ಅಂಕಪಟ್ಟಿಯಲ್ಲಿ ಬರೇ ಇನಿಶಿಯಲ್, ಆಧಾರಿನಲ್ಲಿ ಶೆಟ್ಟಿ ಅಥವಾ ಪೂಜಾರಿ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು. ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಭೇಟಿ ವೀಸಾ ಇಲ್ಲವೆಂದು ಯುಎಇ 2022ರ ನವೆಂಬರಿನಲ್ಲಿ ಹೇಳಿದಾಗ ಪೇಚಿಗೆ ಸಿಕ್ಕಿದ್ದು ಇಂಥವರೇ.

ಕೊನೆಗೊಂದು ವಿನಂತಿ. ಸಲೀಸು, ಅಗ್ಗ ಎಂದು ಏಜೆಂಟರು ಪ್ರವಾಸಿ ವೀಸಾ ಮಾಡಿಸಿಕೊಡುವುದುಂಟು. ಖರೀದಿಗೆ ಹೋಗುವವರು ಅದಕ್ಕೆ ಒಪ್ಪಬೇಡಿ. ಅದು ಅಲ್ಲಿ ಗೊತ್ತಾಗಿ ವಾಪಸು ಕಳಿಸಿದರೆ ಮುಂದಿನ ಪ್ರತಿ ಅರ್ಜಿಯಲ್ಲೂ ಅದನ್ನು ಹೇಳಿಕೊಳ್ಳಬೇಕಾದೀತು. ಹೋಗುವ ಕೆಲಸ ಏನಿದೆಯೋ ಅದನ್ನೇ ಅರ್ಜಿಯಲ್ಲಿ ಬರೆಯಿರಿ, ಕೊಯ್ಲಿಗೆ ಎರಡು ತಿಂಗಳು ಮೊದಲೇ ಬರೆಯಿರಿ.